ತಲಪರಿಗೆಯ ಸೀಮೆಯಲ್ಲಿ ಮರಳೂ ನೀರೂ

ನದಿಯೆಂದರೆ ದಡದಿಂದ ದಡಕ್ಕೆ ತುಂಬಿ ಹರಿಯುವ ನೀರೆಂದು ತಿಳಿದವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹೊಳೆಗಳನ್ನು ಮಾಘ ಫಾಲ್ಗುಣಗಳಲ್ಲಿ ಕಂಡರೆ ಅವುಗಳನ್ನು ನದಿಗಳೆಂದು ಒಪ್ಪಲಾರರು. ಆಗ ಅಲ್ಲಿ ಕಾಣುವುದು ಬಿಸಿಲಿಗೆ ಹೊಳೆಯುವ ಮರಳಿನ ಹಾಸು ಮಾತ್ರ. ಮಳೆಗಾಲದಲ್ಲಿ ಕೆಲವು ದಿನ, ಕೆಲವು ವರ್ಷಗಳಲ್ಲಿ ಕೆಲವೇ ಗಳಿಗೆ, ಕೆಂಪು ಪ್ರವಾಹವು ಬಂದು ಹೋಗುವುದು. ಉಳಿದ ಕಾಲವೆಲ್ಲ ಹೊಳೆಯು ಮರಳಿನ ಕೆಳಗೇ ಇರುವುದು. ಗಯಾಕ್ಷೇತ್ರದ ಫಲ್ಗುನದಿಯು ಸೀತಾದೇವಿಯ ಶಾಪದಿಂದ ಅಂತಸ್ಸಲಿಲೆಯಾಯಿತೆಂದು ಪೌರಾಣಿಕರು ಹೇಳುವರು. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ನದಿಯು ಮರೆಯಾಗಿ ಹರಿಯುವುದು ಶಾಪವಾಗಿರಲಿಲ್ಲ. ಅನೇಕ ತಲೆಮಾರುಗಳ ಜನರಿಗೆ ಅದೇ ವರವಾಗಿತ್ತು. ಆ ವರವು ಯಾವ ಬಗೆಯದು, ಅದನ್ನು ಹಿಂದಿನವರು ಹೇಗೆ ಅನುಭವಿಸಿದರು, ಅದು ಈಗ ಹೇಗೆ ಕೈಬಿಡುತ್ತಿದೆ ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ.

ಈ ಸೀಮೆಯ ಮುಖ್ಯವಾದ ನದಿ ಜಯಮಂಗಲಿ. ದೇವರಾಯನದುರ್ಗದ ಬೆಟ್ಟಗಳಲ್ಲಿ ಜಯಾ, ಮಂಗಲಿ ಎಂಬ ಎರಡು ತೊರೆಗಳು ಹುಟ್ಟಿ ಬೆಟ್ಟದ ಬುಡದಲ್ಲಿ ಒಂದಾಗುವುದರಿಂದ ಈ ಹೆಸರಾಯಿತೆಂದು ಜನರು ಹೇಳುವರು. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಈಶಾನ್ಯಾಭಿಮುಖವಾಗಿ ಸಾಗಿ, ಹೊಳವನಹಳ್ಳಿಯ ಬಳಿ ಗರುಡಾಚಲ ನದಿಯನ್ನು ಕೂಡಿಸಿಕೊಂಡು, ಆಂಧ್ರದ ಹಿಂದೂಪುರದ ಸೀಮೆಯಲ್ಲಿ ಪರಿಗಿಯ ಹತ್ತಿರ ಇದು ಉತ್ತರ ಪಿನಾಕಿನಿಯನ್ನು ಸೇರುವುದು. ಕೊರಟಗೆರೆಯ ಮಗ್ಗುಲಲ್ಲಿ ಸುವರ್ಣಮುಖಿಯು ಹರಿಯುವುದು. ನಂದಿಯ ಬೆಟ್ಟಗಳ ಕಡೆಯಿಂದ ಬರುವ ಉತ್ತರ ಪಿನಾಕಿನಿಯು ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಮುಟ್ಟಿ ಮುಂದೆ ಹೋಗುವುದು. ಶಿರಾ ಸೀಮೆಯ ಹಳ್ಳಗಳ ನೀರು ಬಹುಪಾಲು ವೇದಾವತಿಯ ಕಡೆಗೆ ಇಳಿಯುವುದು. ದಿಕ್ಕು ಬೇರೆಬೇರೆಯಾದರೂ ಈ ಹೊಳೆಗಳ ಸ್ವಭಾವ ಒಂದೇ: ಅಗಲವಾದ ಪಾತ್ರ, ದಪ್ಪವಾದ ಮರಳು, ಅಲ್ಪವಾದ ಪ್ರವಾಹ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುವ ಪ್ರದೇಶದಲ್ಲಿ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ. ಬೋಳು ಬಂಡೆಯ ಬೆಟ್ಟಗಳ ಮೇಲೆ ಬಿದ್ದ ಮಳೆಯು ಕಲ್ಲನ್ನು ಸವೆಸಿ ಹರಳುಹರಳಾಗಿ ಮಾಡಿ ಹೊಳೆಗೆ ತಂದು ಸುರಿದ ಕೆಲಸವು ಸಾವಿರಾರು ವರ್ಷಗಳದು. ಆ ಹರಳೇ ಈಗಿನ ಮರಳು.

ಈ ಮರಳಿನ ಆಸರೆಯಲ್ಲಿ ಬೆಳೆದ ಜಲವ್ಯವಸ್ಥೆಗೆ ತಲಪರಿಗೆಯೆಂದು ಹೆಸರು. ಮರಳು ನೆಲದಲ್ಲಿ ಕೆಲವು ಅಡಿ ತೋಡಿದೊಡನೆ ಜಿನುಗುವ ಒರತೆಯ ಬಾಯನ್ನು ಬಿಡಿಸಿ, ಕಟ್ಟಿ, ನೀರನ್ನು ಬಳಕೆಗೆ ತರುವುದೇ ಇದರ ತಿರುಳು. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಕನ್ನಡ ಚರಿತ್ರೆಗೆ ತಳಹದಿ ಹಾಕಿದ ಬಿ. ಎಲ್. ರೈಸರು ೧೮೯೭ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮೈಸೂರು ಗೆಜೆಟಿಯರಿನಲ್ಲಿ ಈ ಒರತೆಗಳನ್ನು ಸಂಸ್ಥಾನದ ಈಶಾನ್ಯ ಭಾಗದ ವಿಶೇಷವೆಂದು ಗುರುತಿಸಿದ್ದಾರೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳವರೆಗೆ ಒಂದು ಗೆರೆಯನ್ನೆಳೆದರೆ ಅದರ ಪೂರ್ವಕ್ಕಿರುವ ಗಡಿನಾಡೆಲ್ಲ ತಲಪರಿಗೆಯ ಸೀಮೆಯೆಂಬುದು ಅವರ ವಿವರಣೆಯ ಸಾರಾಂಶ. ದಕ್ಷಿಣದ ಭಾಗದಲ್ಲಿ ಮರಳು ನೆಲದೊಳಗೆ ಹತ್ತಿರಹತ್ತಿರದಲ್ಲಿಯೇ ಒರತೆಗಳು ಸಿಕ್ಕುವುವು, ನೀರು ನೆಲದ ಮಟ್ಟಕ್ಕೆ ಸಮೀಪವಾಗಿಯೇ ಏರುವುದು. ಉತ್ತರಕ್ಕೆ ಹೋದಂತೆ ನೀರಿನ ಸಮೃದ್ಧಿ ಕಡಮೆ. ಪಾವಗಡದಲ್ಲಿ ಮೃದುವಾದ ಒಂದು ಬಗೆಯ ಕಲ್ಲಿನ ಪದರವನ್ನು ಕಡಿದ ಬಳಿಕವೇ ನೀರು ದೊರೆಯುವುದು. ದೊರೆತ ನೀರನ್ನು ಕಿರುಗಾಲುವೆಗಳಲ್ಲಿ ಗದ್ದೆ ತೋಟಗಳಿಗೆ ಹಾಯಿಸುವರು, ಇಲ್ಲವೆ ಕಪಿಲೆಯ ಬಾವಿಯನ್ನು ಕಟ್ಟಿ ಎತ್ತುಗಳಿಂದ ಎಳೆಯಿಸುವರು. ಜಯಮಂಗಲಿಯ ಪಾತ್ರದ ಮರಳಿನಲ್ಲಿ ಕಪಿಲೆಯ ಬಾವಿಗಳನ್ನು ತೋಡುತ್ತಿದ್ದರೆಂಬುದನ್ನೂ ಅವರು ಬರೆದಿಡಲು ಮರೆತಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಮುಖ್ಯವಾಗಿ ಗಮನಿಸತಕ್ಕದ್ದು. ಹಿಂದಿನವರೂ ಹೊಳೆಯ ಮರಳನ್ನು ಅಗೆಯುತ್ತಿದ್ದರು. ಮಳೆಗಾಲದ ಪ್ರವಾಹದಿಂದ ತಲಪರಿಗೆಯ ಬಾಯಿ ಮುಚ್ಚಿಹೋದರೆ, ಆ ನೀರಿನ ಹಕ್ಕುಳ್ಳ ರೈತರೆಲ್ಲರೂ ಮನೆಗೊಬ್ಬ ಆಳಿನಂತೆ ಗುದ್ದಲಿ ಮಂಕರಿಗಳೊಡನೆ ಬಂದು ಹೂಳನ್ನೂ ಮರಳನ್ನೂ ತೆಗೆಯುತ್ತಿದ್ದರು. ಆದರೆ ಅವರ ಅಗೆತವು ಒರತೆಯ ಕಣ್ಣು ಕಾಣುವವರೆಗೆ ಮಾತ್ರ. ತೆಗೆದ ಮರಳು ಅಲ್ಲಿಯೇ ಪಕ್ಕಕ್ಕೆ ಬೀಳುತ್ತಿತ್ತು, ಹೊಳೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಮನೆಯ ಗೋಡೆಗೆ, ಬಾವಿಯ ಕಟ್ಟಡಕ್ಕೆ, ದೇವಸ್ಥಾನದ ಗಾರೆಗೆ ಬೇಕಾದಾಗ ಎತ್ತಿನ ಬಂಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದುದೂ ಉಂಟು. ಮುಂದಿನ ವರ್ಷದ ಪ್ರವಾಹವು ಅಷ್ಟನ್ನು ಮತ್ತೆ ತಂದು ತುಂಬುತ್ತಿತ್ತು. ಬೇಸಗೆಯಲ್ಲಿ ಕುಡಿಯುವ ನೀರಿಗಾಗಿ ಹೆಂಗಸರು ಹೊಳೆಯ ನಡುವೆ ಮೊಳದುದ್ದ ಮರಳನ್ನು ಕೈಯಿಂದ ಬಗೆದು, ಮೊದಲ ಕಲಕು ನೀರನ್ನು ಚೆಲ್ಲಿ, ಆಮೇಲೆ ಊರುವ ತಿಳಿನೀರನ್ನು ತೆಂಗಿನ ಕರಟದಿಂದ ಮೊಗೆದು ಬಿಂದಿಗೆಗೆ ತುಂಬುತ್ತಿದ್ದ ಚಿಲುಮೆಯ ಪದ್ಧತಿಯು ಇದರದೇ ಕಿರಿಯ ರೂಪ. ಕೆರೆಯ ನೀರು ಬಟ್ಟೆಗೂ ದನಕ್ಕೂ, ಚಿಲುಮೆಯ ನೀರು ಅಡುಗೆಗೂ ಕುಡಿಯುವುದಕ್ಕೂ ಎಂಬ ಭೇದವನ್ನು ಅಕ್ಷರ ತಿಳಿಯದ ಮುದುಕಿಯರೂ ತಪ್ಪದೆ ಪಾಲಿಸುತ್ತಿದ್ದರು. ಮರಳಿನಿಂದ ಬಂದ ನೀರು ಶುದ್ಧವೆಂಬ ಈ ನಂಬಿಕೆಗೆ ಆಧಾರವೇನು?

ಪ್ರಾಚೀನರು ಭೂಜಲದ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಕ್ರಿಸ್ತಶಕ ೬ನೆಯ ಶತಮಾನದ ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಒಂದು ಅಧ್ಯಾಯವನ್ನೇ ಇದಕ್ಕಾಗಿ ಮೀಸಲಿಟ್ಟಿರುವನು. ಮನುಷ್ಯನ ದೇಹದಲ್ಲಿ ಸಿರೆಗಳು ಇರುವಂತೆ ಭೂಮಿಯಲ್ಲಿಯೂ ನೀರಿನ ಸಿರೆಗಳು ಮೇಲೆಯೂ ಕೆಳಗೆಯೂ ಇರುವುವೆಂಬುದು ಅವನ ಸಿದ್ಧಾಂತ. ಶಿರಾ ಪಟ್ಟಣದ ಹೆಸರಿಗೂ ಈ ಶಬ್ದಕ್ಕೂ ನಂಟು ಕಲ್ಪಿಸುವುದು ಕೇವಲ ಶಬ್ದಚಮತ್ಕಾರವಾದೀತು. ಆದರೆ ಆ ಪಟ್ಟಣದ ಸುತ್ತಣ ನೆಲಕ್ಕೆ ಸಿರೆಯ ಉಪಮಾನವು ಚೆನ್ನಾಗಿ ಒಪ್ಪುವುದು. ಬಾವಿಯ ನೀರು ಕಲಕಿದರೆ, ಉಪ್ಪಾದರೆ, ದುರ್ಗಂಧವುಳ್ಳದ್ದಾದರೆ ಅದಕ್ಕೆ ಲಾವಂಚ, ಭದ್ರಮುಷ್ಟಿ, ನೆಲ್ಲಿ, ಚಿಲ್ಲದ ಬೀಜ ಮೊದಲಾದವುಗಳ ಚೂರ್ಣವನ್ನು ಹಾಕಬೇಕೆಂದು ಅದೇ ಅಧ್ಯಾಯದಲ್ಲಿ ವಿಧಿಯುಂಟು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕೆಟ್ಟ ನೀರನ್ನು ಕಾಯಿಸುವುದು, ಬಿಸಿಲಿಗಿಡುವುದು, ಕಾದ ಕಬ್ಬಿಣವನ್ನೋ ಕಾದ ಮರಳನ್ನೋ ಅದರಲ್ಲಿ ಅದ್ದುವುದು ಎಂಬ ಉಪಾಯಗಳು ಹೇಳಲ್ಪಟ್ಟಿವೆ. ನೀರು ಸಿಕ್ಕಿತೆಂಬುದರಿಂದಲೇ ತೃಪ್ತರಾಗದೆ ಅದು ಎಂಥ ನೀರೆಂದು ವಿಚಾರಿಸುವುದು ನಮ್ಮ ಶಾಸ್ತ್ರಕಾರರಿಗೆ ಹೊಸದಾಗಿರಲಿಲ್ಲ.

ಮರಳು ನೀರನ್ನು ಶೋಧಿಸುವುದೆಂಬುದನ್ನು ಪಾಶ್ಚಾತ್ಯರು ಪರೀಕ್ಷೆಯಿಂದ ಸ್ಥಾಪಿಸಿದ್ದು ೧೯ನೆಯ ಶತಮಾನದಲ್ಲಿ. ೧೮೨೯ರಲ್ಲಿ ಜೇಮ್ಸ್ ಸಿಂಪ್ಸನನು ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನದಿಯ ನೀರನ್ನು ಮರಳಿನ ಹಾಸಿನ ಮೂಲಕ ಇಳಿಸಿ ಜನರಿಗೆ ಒದಗಿಸುವ ಏರ್ಪಾಡನ್ನು ಮಾಡಿದನು. ಅದರ ಮಹತ್ವವು ಲೋಕಕ್ಕೆಲ್ಲ ಮನವರಿಕೆಯಾದದ್ದು ೧೮೯೨ರಲ್ಲಿ. ಆ ವರ್ಷ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ವಾಂತಿಭೇದಿಯ ಮಾರಿಯು ತಲೆದೋರಿ ಎಂಟು ಸಾವಿರಕ್ಕೂ ಮೇಲ್ಪಟ್ಟು ಜನರು ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣವು ಅದೇ ಎಲ್ಬೆ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳಚೆಯು ಸೇರಿದ ಮೇಲೆ ಕೆಳಗಡೆಯಲ್ಲಿ, ತೆಗೆದುಕೊಳ್ಳುತ್ತಿದ್ದರೂ ಬಹುಮಟ್ಟಿಗೆ ಪಾರಾಯಿತು. ಎರಡು ಊರುಗಳಿಗೂ ಇದ್ದ ಭೇದವಿಷ್ಟೆ: ಆಲ್ಟೋನಾದವರು ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದರು, ಹ್ಯಾಂಬರ್ಗಿನವರು ಸೋಸುತ್ತಿರಲಿಲ್ಲ. ವಾಂತಿಭೇದಿಯ ಸೂಕ್ಷ್ಮಜೀವಿಯನ್ನು ಗುರುತಿಸಿದ ರಾಬರ್ಟ್ ಕಾಖನೇ ಇದನ್ನು ವಿಚಾರಿಸಿ ಮರಳಿನ ಪದರದ ಶಕ್ತಿಯನ್ನು ಎತ್ತಿ ತೋರಿಸಿದನು. ಮರಳಿನ ಕಣಗಳ ನಡುವೆ ನೀರು ಮೆಲ್ಲಗೆ ಇಳಿಯುವಾಗ ಕಲ್ಮಷವು ಸಿಕ್ಕಿಬೀಳುವುದು ಮಾತ್ರವಲ್ಲ, ಮೇಲ್ಪದರದಲ್ಲಿ ಬೆಳೆಯುವ ಜೀವಾಣುಗಳ ತೆಳುವಾದ ಪೊರೆಯು ರೋಗಕಾರಕಗಳನ್ನು ತಿಂದುಹಾಕುವುದೆಂದು ತಜ್ಞರು ನಿರ್ಣಯಿಸಿದ್ದಾರೆ. ಆಲ್ಟೋನಾದವರು ಹಣ ವೆಚ್ಚಮಾಡಿ ಕಟ್ಟಿಕೊಂಡದ್ದು ಜಯಮಂಗಲಿಯ ತೀರದವರಿಗೆ ಪ್ರಕೃತಿಯಿಂದಲೇ ದೊರಕಿತ್ತು.

ಶೋಧಿಸುವುದರೊಂದಿಗೆ ಮರಳು ನೀರನ್ನು ಕಾಯ್ದಿಡುವುದೂ ಹೌದು. ಬಯಲಿನ ಕೆರೆಯ ನೀರನ್ನು ಬೇಸಗೆಯ ಸೂರ್ಯನು ಹೀರಿಬಿಡುವನು. ಮರಳಿನ ಒಳಗಿನ ನೀರಿಗೆ ಆ ಭಯ ಕಡಮೆ. ಆಫ್ರಿಕದ ನೈಋತ್ಯದಲ್ಲಿರುವ ಸ್ವಾಕೊಪ್ ನದಿಯ ಮರಳಿನಲ್ಲಿ ನಡೆದು ೧೯೭೩ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ, ನೀರಿನ ಮಟ್ಟವು ಮರಳಿನ ಮೇಲ್ಮೈಯಿಂದ ಎರಡಡಿ ಕೆಳಗೆ ಇಳಿದರೆ ಆವಿಯಾಗುವ ನೀರು ತೆರೆದ ನೀರಿನಿಂದ ಆವಿಯಾಗುವುದರ ಹತ್ತನೆಯ ಒಂದು ಪಾಲಿನಷ್ಟಕ್ಕೆ ಇಳಿಯುವುದೆಂದು ಗೊತ್ತಾಗಿದೆ. ಒಂದು ಲೆಕ್ಕವನ್ನು ಹಾಕಿ ನೋಡಬಹುದು. ಒಂದು ಕಿಲೋಮೀಟರು ಉದ್ದ, ೫೦ ಮೀಟರು ಅಗಲ, ೩ ಮೀಟರು ಆಳದ ಮರಳಿನ ಹಾಸು ಒಂದೂವರೆ ಲಕ್ಷ ಘನಮೀಟರು. ಅದರ ನಾಲ್ಕನೆಯ ಒಂದು ಪಾಲಿನಷ್ಟು ನೀರು ತೆಗೆಯಲು ಸಿಕ್ಕುವುದೆಂದರೂ ಮೂರು ಮುಕ್ಕಾಲು ಕೋಟಿ ಲೀಟರು ಆಗುವುದು. ತಲೆಯೊಂದಕ್ಕೆ ದಿನಕ್ಕೆ ೫೫ ಲೀಟರಿನಂತೆ ಸಾವಿರ ಜನರ ಊರಿಗೆ ಇದು ೬೮೦ ದಿನಗಳ ನೀರು. ಸೋರುವುದು, ಆವಿಯಾಗುವುದು, ಬೆಳೆಗೆ ಹೋಗುವುದು ಇವುಗಳನ್ನು ಕಳೆದರೂ, ಒಂದು ಮಳೆ ತಪ್ಪಿದ ವರ್ಷವನ್ನು ದಾಟಿಸುವಷ್ಟು ಉಳಿಯುವುದು. ಕೆರೆಗಳು ಒಣಗಿದ ಬರಗಾಲದಲ್ಲಿಯೂ ಒರತೆಯ ಕೆಳಗಣ ತೆಂಗು ಅಡಕೆಗಳು ಹಸುರಾಗಿರುತ್ತಿದ್ದುದರ ಗುಟ್ಟು ಇದೇ. ಕೀನ್ಯಾ ದೇಶದ ಮಚಾಕೋಸ್, ಕಿಟುಯಿ ಪ್ರಾಂತಗಳ ಜನರು ಈ ಗುಟ್ಟನ್ನು ತಿಳಿದು, ಒಣಹಳ್ಳಗಳಿಗೆ ಅಡ್ಡಲಾಗಿ ಗೋಡೆಗಳನ್ನು ಕಟ್ಟಿ, ಹರಿದುಹೋಗುವ ಮರಳನ್ನು ತಡೆದು ನಿಲ್ಲಿಸಿ, ಅದರೊಳಗೆ ನೀರನ್ನು ಕೂಡಿಡುತ್ತಿದ್ದಾರೆ. ಅಲ್ಲಿ ಮರಳನ್ನು ಕೂಡಿಸಲು ಶ್ರಮ. ಇಲ್ಲಿ ಕೂಡಿದ್ದ ಮರಳನ್ನು ಸಾಗಿಸಲು ಶ್ರಮ!

ಮರಳು ಸರಕಾಗಿ ಮಾರ್ಪಟ್ಟದ್ದು ಸಿಮೆಂಟಿನ ಕಾಲದಲ್ಲಿ. ಮಣ್ಣಿನ ಗೋಡೆ, ಮಾಳಿಗೆಯ ಮನೆಗಳಿಗೆ ಮರಳು ಅಷ್ಟಾಗಿ ಬೇಕಿರಲಿಲ್ಲ. ಸಿಮೆಂಟಿನ ಕಾಂಕ್ರೀಟಿಗೆ ಸಿಮೆಂಟಿನ ಎರಡರಷ್ಟು ಮರಳು ಬೇಕು. ಸುಮಾರು ನೂರು ಕಿಲೋಮೀಟರಿನ ದೂರದಲ್ಲಿ ಬೆಂಗಳೂರು ಬೆಳೆಯಿತು, ತುಮಕೂರು ಬೆಳೆಯಿತು, ತಾಲ್ಲೂಕಿನ ಊರುಗಳೂ ಹಿಂದೆ ಬೀಳಲಿಲ್ಲ. ಎತ್ತಿನ ಬಂಡಿಯ ಸ್ಥಾನದಲ್ಲಿ ಟ್ರಾಕ್ಟರು, ಲಾರಿಗಳೂ ಗುದ್ದಲಿಯ ಸ್ಥಾನದಲ್ಲಿ ಅಗೆಯುವ ಯಂತ್ರವೂ ಬಂದುವು. ೧೯೫೭ರ ಗಣಿ ಮತ್ತು ಖನಿಜಗಳ ಕಾನೂನಿನಲ್ಲಿ ಸಾಮಾನ್ಯ ಮರಳೂ ಜಲ್ಲಿಯೂ ಉಪಖನಿಜಗಳೆಂದು ಗಣಿಸಲ್ಪಟ್ಟು, ಅವುಗಳ ನಿಯಂತ್ರಣವು ರಾಜ್ಯ ಸರಕಾರಗಳ ಪಾಲಿಗೆ ಬಂದಿತು. ಕರ್ನಾಟಕದಲ್ಲಿ ಇದಕ್ಕೆ ೧೯೯೪ರ ಉಪಖನಿಜ ರಿಯಾಯಿತಿ ನಿಯಮಗಳಾದುವು. ಹೆಸರೇ ತೋರಿಸುವಂತೆ ಕಾನೂನಿನ ದೃಷ್ಟಿಯಲ್ಲಿ ಮರಳು ಖನಿಜ, ಅದೂ ಸಣ್ಣ ಖನಿಜ. ತಲಪರಿಗೆಯ ರೈತನ ದೃಷ್ಟಿಯಲ್ಲಿ ಅದು ನೀರಿನ ಪಾತ್ರೆ. ಒಂದೇ ವಸ್ತುವನ್ನು ಎರಡು ಹೆಸರಿನಿಂದ ಕರೆದುದರಲ್ಲಿಯೇ ಮುಂದಿನ ಅನರ್ಥಕ್ಕೆ ಬೀಜವಿತ್ತು. ಪಾತ್ರೆಯನ್ನು ಮಾರಿದವನಿಗೆ ತಾನು ನೀರನ್ನು ಮಾರಿದೆನೆಂಬ ಅರಿವಿರುವುದಿಲ್ಲ.

ಮರಳು ತೆಗೆದಲ್ಲಿ ನೀರು ಹೇಗೆ ಕೆಡುವುದೆಂಬುದನ್ನು ಹಂತಹಂತವಾಗಿ ತಿಳಿಯಬಹುದು. ಹೊಳೆಯ ಪಾತ್ರದಲ್ಲಿರುವ ನೀರೂ ಎರಡು ದಡಗಳ ಹೊಲ ತೋಟಗಳ ಅಡಿಯಲ್ಲಿರುವ ನೀರೂ ಒಂದಕ್ಕೊಂದು ಕೂಡಿಕೊಂಡಿರುವುವು. ನೀರಿನ ಮಟ್ಟಕ್ಕಿಂತ ಕೆಳಗೆ ಗುಂಡಿ ತೋಡಿದರೆ ಸುತ್ತಣ ನೀರು ಆ ಗುಂಡಿಗೆ ಇಳಿಯುವುದು. ದಡದ ಬಾವಿಯೂ ತಲಪರಿಗೆಯೂ ತಮ್ಮ ನೀರನ್ನು ಅದಕ್ಕೆ ಒಪ್ಪಿಸಿ ಬತ್ತುವುವು. ಗುಂಡಿಯಲ್ಲಿ ನಿಂತ ನೀರು ಬಿಸಿಲಿಗೆ ತೆರೆದುಕೊಂಡು ಆವಿಯಾಗುವುದು. ಉಳಿದದ್ದರಲ್ಲಿ ಲವಣಾಂಶ ಹೆಚ್ಚುವುದು, ಪಾಚಿ ಬೆಳೆಯುವುದು, ಸೊಳ್ಳೆ ಹುಟ್ಟುವುದು. ಯಂತ್ರದಿಂದ ಸೋರಿದ ಎಣ್ಣೆಯೂ ಊರಿನ ಬಚ್ಚಲೂ ಹೊಲದ ಗೊಬ್ಬರವೂ ನಡುವೆ ಸೋಸುವ ಮರಳಿಲ್ಲದೆ ನೇರವಾಗಿ ಭೂಜಲಕ್ಕೆ ಸೇರುವುವು. ಮರಳನ್ನು ಸಾಣಿಗೆ ಹಿಡಿದಾಗ ಉಳಿದ ನುಣುಪಾದ ಮಣ್ಣು ಪಾತ್ರದ ತಳಕ್ಕೆ ಮೆತ್ತಿಕೊಂಡು, ಮುಂದಿನ ಪ್ರವಾಹದ ನೀರು ಒಳಕ್ಕೆ ಇಂಗುವ ದಾರಿಯನ್ನೇ ಮುಚ್ಚುವುದು. ಮೇಲ್ಭಾಗದಲ್ಲಿ ಕಟ್ಟಿದ ಕಟ್ಟೆ ಒಡ್ಡುಗಳು ಉರುಬು ಮರಳನ್ನು ತಡೆಹಿಡಿಯುವುದರಿಂದ, ಹೋದ ಮರಳಿಗೆ ಪ್ರತಿಯಾಗಿ ಹೊಸದು ಬರುವುದೂ ನಿಧಾನ.

ಇನ್ನೊಂದು ವಿಪರ್ಯಾಸವನ್ನೂ ಇಲ್ಲಿ ಹೇಳಬೇಕು. ಹೊಳೆಯ ಮರಳು ಮುಗಿದ ಕಡೆಗಳಲ್ಲಿ ಕೆರೆಯ ಅಂಗಳದ ಮಣ್ಣನ್ನೂ ಹೊಲದ ಮಣ್ಣನ್ನೂ ಅಗೆದು, ನೀರಿನಿಂದ ತೊಳೆದು, ಜೇಡಿಯನ್ನು ಹರಿಯಬಿಟ್ಟು ಮರಳನ್ನು ಬೇರ್ಪಡಿಸುವ ನ್ಯಾಯಸಮ್ಮತವಲ್ಲದ ಉದ್ಯೋಗವೊಂದು ಹಬ್ಬಿತು. ಇದರ ಮರಳಿಗೆ ಪೇಟೆಯಲ್ಲಿ ‘ಫಿಲ್ಟರ್ ಮರಳು’ ಎಂದು ಹೆಸರು. ಲೋಕದ ಎಲ್ಲ ಕಡೆಯೂ ನೀರನ್ನು ಸೋಸುವ ಮರಳಿಗೆ ಸಲ್ಲುವ ಈ ಶಬ್ದವು, ಇಲ್ಲಿ ನೀರನ್ನು ಕೆಡಿಸಿ ಪಡೆದ ಮರಳಿಗೆ ಸಂದಿದೆ.

ಮೇಲೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ಕೇಡು. ಕಾಣದ ಕೇಡು ಇದಕ್ಕಿಂತ ದೊಡ್ಡದು. ಮಧುಗಿರಿಯ ಬೆಟ್ಟದಂತಹ ಮಹಾಶಿಲೆಗಳಿಂದ ಕೂಡಿದ ಈ ಸೀಮೆಯ ಮೂಲಕ ಕ್ಲೋಸ್‌ಪೇಟೆಯ ಗ್ರಾನೈಟೆಂದು ಭೂಶಾಸ್ತ್ರಜ್ಞರು ಕರೆಯುವ ಶಿಲಾಶ್ರೇಣಿಯು ದಕ್ಷಿಣೋತ್ತರವಾಗಿ ಹಾದುಹೋಗುವುದು. ಕ್ಲೋಸ್‌ಪೇಟೆಯೆಂಬುದು ಈಗಿನ ರಾಮನಗರದ ಹಳೆಯ ಹೆಸರು. ಸುಮಾರು ೨೫೦ ಕೋಟಿ ವರ್ಷಗಳಷ್ಟು ಪುರಾತನವಾದ ಈ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡೆಂಬ ಲವಣಾಂಶವುಂಟು. ಕಲ್ಲಿನ ಬಿರುಕುಗಳಲ್ಲಿ ನೀರು ಬಹುಕಾಲ ನಿಂತಷ್ಟೂ ಅದು ಹೆಚ್ಚಾಗಿ ಕರಗುವುದು. ಮಳೆಯಿಂದ ವರ್ಷವರ್ಷವೂ ಹೊಸದಾಗಿ ತುಂಬುವ ಮರಳಿನ ನೀರಿನಲ್ಲಿ ಅದು ಕೂಡಿಕೊಳ್ಳಲು ಅಷ್ಟು ಅವಕಾಶವಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧ ಮಿಲಿಗ್ರಾಮಿನೊಳಗೆ ಇರಬೇಕೆಂದೂ, ಬೇರೆ ಗತಿಯಿಲ್ಲದಿದ್ದರೆ ೧.೫ ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳ ಮೇಲೆ ಕಂದುಬಣ್ಣದ ಗೆರೆಗಳು ಮೂಡುವುವು. ಇನ್ನೂ ಹೆಚ್ಚಾದರೆ ಬೆನ್ನೂ ಮೊಣಕಾಲೂ ಬಗ್ಗದಂತೆ ಎಲುಬು ಸೆಟೆಯುವುದು. ಈ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿ ವಿವರಿಸಿದ್ದು ೧೯೩೭ರಲ್ಲಿ, ಆಗಿನ ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ. ಜಯಮಂಗಲಿಯ ನೀರನ್ನು ಕೂಡಿಸಿಕೊಂಡ ಪಿನಾಕಿನಿಯು ಸಮುದ್ರವನ್ನು ಸೇರುವುದು ಅದೇ ನೆಲ್ಲೂರಿನ ಸೀಮೆಯಲ್ಲಿ. ಪಾವಗಡವು ಇಂದು ಕರ್ನಾಟಕದಲ್ಲಿ ಈ ವ್ಯಾಧಿಗೆ ಹೆಸರಾದ ತಾಲ್ಲೂಕುಗಳಲ್ಲೊಂದು. ಮಧುಗಿರಿ, ಶಿರಾಗಳೂ ಇದರಿಂದ ಮುಕ್ತವಲ್ಲ.

ತಲಪರಿಗೆಯು ಬತ್ತಿದ ಊರು ಕೊಳವೆಬಾವಿಗೆ ತಿರುಗದೆ ವಿಧಿಯಿಲ್ಲ. ಮೊದಲು ನೂರಿನ್ನೂರು ಅಡಿ, ಆಮೇಲೆ ಐನೂರು, ಆಮೇಲೆ ಸಾವಿರ. ಹೀಗೆ ಮೇಲಣ ಸಿಹಿನೀರನ್ನು ಕಳೆದುಕೊಂಡ ಜನರು ಕಲ್ಲಿನ ಆಳದಲ್ಲಿ ಬಹುಕಾಲದಿಂದ ಸೆರೆಯಾಗಿದ್ದ ನೀರನ್ನು ಕುಡಿಯತೊಡಗಿದರು. ನೋಡಲು ಅದು ಸ್ಫಟಿಕದಂತೆ ತಿಳಿ. ರುಚಿಯಲ್ಲಿಯೂ ದೋಷ ತೋರದು. ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವೇ ಆಗುವುದು. ಕಲಕಿದ ನೀರನ್ನು ತಿಳಿಮಾಡುವ ಚಿಲ್ಲದ ಬೀಜಕ್ಕೂ ಇದು ಸಾಧ್ಯವಿಲ್ಲ.

ತಲಪರಿಗೆಗಳನ್ನು ಬತ್ತಿಸಿದ್ದು ಮರಳಿನ ಲಾರಿಯಲ್ಲ, ಕೊಳವೆಬಾವಿಯೇ ಎಂದು ವಾದಿಸುವವರುಂಟು. ಈ ವಾದವನ್ನು ಅಲ್ಲಗಳೆಯುವಂತಿಲ್ಲ. ವಿದ್ಯುಚ್ಛಕ್ತಿಯ ಪಂಪು ಬಂದ ಮೇಲೆ ನೆಲದ ನೀರು ಇಳಿಯತೊಡಗಿತು; ಕೊರಟಗೆರೆ, ಮಧುಗಿರಿ, ಶಿರಾ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪ್ರದೇಶಗಳೆಂದು ಸರಕಾರದ ಗಣನೆಯಲ್ಲಿಯೇ ಸೇರಿವೆ. ಮರಳೆಲ್ಲ ಇದ್ದ ಕಡೆಯೂ ಒರತೆ ನಿಂತ ಉದಾಹರಣೆಗಳಿರಬಹುದು. ಆದರೆ ಎರಡು ಕಾರಣಗಳ ಸ್ವರೂಪವು ಬೇರೆ. ನೀರನ್ನು ಅತಿಯಾಗಿ ಎಳೆದದ್ದು ಪಾತ್ರೆಯನ್ನು ಬರಿದುಮಾಡಿದಂತೆ. ಒಂದೆರಡು ಒಳ್ಳೆಯ ಮಳೆಗಾಲಗಳು ಬಂದು ಪಂಪುಗಳು ಸ್ವಲ್ಪ ವಿರಮಿಸಿದರೆ ಅದು ಮತ್ತೆ ತುಂಬುವುದು. ಮರಳನ್ನು ಸಾಗಿಸಿದ್ದು ಪಾತ್ರೆಯನ್ನೇ ಒಡೆದಂತೆ; ಆಗ ಮಳೆ ಬಂದರೂ ನೀರು ನಿಲ್ಲಲು ಸ್ಥಳವಿಲ್ಲ. ಮರಳು ಉಳಿದ ಕೆಲವು ಹಳ್ಳಿಗಳಲ್ಲಿ ಜನರು ಕೂಡಿ ಹೂಳನ್ನೆತ್ತಿದೊಡನೆ ಹಳೆಯ ತಲಪರಿಗೆಯು ಮತ್ತೆ ಕಣ್ತೆರೆದುದುಂಟು. ಮರಳೇ ಹೋದಲ್ಲಿ ಎತ್ತುವುದಕ್ಕೆ ಹೂಳೂ ಇಲ್ಲ, ತೆರೆಯುವುದಕ್ಕೆ ಕಣ್ಣೂ ಇಲ್ಲ.

ಕಾನೂನು ಈ ಭೇದವನ್ನು ಕಾಣಲು ತಡಮಾಡಿತಾದರೂ ಕಾಣದೆ ಹೋಗಲಿಲ್ಲ. ೨೦೧೨ನೆಯ ಫೆಬ್ರವರಿ ೨೭ರಂದು ಸುಪ್ರೀಂ ಕೋರ್ಟು ದೀಪಕ್ ಕುಮಾರರ ಮೊಕದ್ದಮೆಯಲ್ಲಿ, ಐದು ಹೆಕ್ಟೇರಿಗಿಂತ ಚಿಕ್ಕದಾದ ಉಪಖನಿಜದ ಗುತ್ತಿಗೆಗೂ ಪರಿಸರ ಸಂಬಂಧವಾದ ಅನುಮತಿಯು ಅಗತ್ಯವೆಂದು ಆಜ್ಞಾಪಿಸಿತು. ೨೦೧೬ರಲ್ಲಿ ಕೇಂದ್ರ ಸರಕಾರವು ಮರಳುಗಾರಿಕೆಯ ಮಾರ್ಗಸೂಚಿಯನ್ನು ಹೊರಡಿಸಿ, ೨೦೨೦ರಲ್ಲಿ ಅದರ ಮೇಲ್ವಿಚಾರಣೆಗೆ ಇನ್ನಷ್ಟು ವಿಧಿಗಳನ್ನು ಸೇರಿಸಿತು. ಅವುಗಳ ತಿರುಳಿಷ್ಟು: ಪಾತ್ರದಲ್ಲಿ ೩ ಮೀಟರಿಗಿಂತ ಆಳಕ್ಕೆ ಹೋಗಕೂಡದು, ಅದಕ್ಕೆ ಮೊದಲೇ ನೀರಿನ ಮಟ್ಟ ಸಿಕ್ಕಿದರೆ ಅಲ್ಲಿಗೇ ನಿಲ್ಲಿಸತಕ್ಕದ್ದು, ದಡದಿಂದ ನದಿಯ ಅಗಲದ ನಾಲ್ಕನೆಯ ಒಂದು ಪಾಲನ್ನು, ಕಡಮೆಯೆಂದರೂ ಏಳೂವರೆ ಮೀಟರನ್ನು, ಮುಟ್ಟದೆ ಬಿಡತಕ್ಕದ್ದು, ಮಳೆಗಾಲದಲ್ಲಿ ಪಾತ್ರವನ್ನು ಅಗೆಯತಕ್ಕದ್ದಲ್ಲ. ನೀರಿನ ಮಟ್ಟವನ್ನು ಕಂಡೊಡನೆ ಕೈತಡೆಯುವುದೆಂಬ ಈ ವಿಧಿಯನ್ನು ಓದಿದವರಿಗೆ ತಲಪರಿಗೆಯ ರೈತನ ಗುದ್ದಲಿಯು ನೆನಪಾಗದೆ ಇರದು. ಒರತೆಯ ಕಣ್ಣು ಕಂಡ ಕೂಡಲೆ ನಿಲ್ಲುತ್ತಿದ್ದ ಅವನ ಮರ್ಯಾದೆಯನ್ನೇ ರಾಜಶಾಸನವು ಇಷ್ಟು ಕಾಲದ ಮೇಲೆ ಅಕ್ಷರದಲ್ಲಿ ಬರೆದುಕೊಂಡಂತಾಯಿತು.

ಬರೆದ ವಿಧಿಗೂ ಹೊಳೆಯ ಪಾತ್ರಕ್ಕೂ ನಡುವೆ ದೂರವುಂಟು. ಮರಳಿನ ಲೆಕ್ಕವನ್ನು ಲಾರಿಯ ರಹದಾರಿಯಿಂದ ಇಡುವರು. ನೀರಿನ ಮಟ್ಟದ ಲೆಕ್ಕವನ್ನು ಇಡುವವರಾರು? ರಾತ್ರಿಯಲ್ಲಿ ರಹದಾರಿಯೂ ಇಲ್ಲದೆ ಹೋಗುವ ಬಂಡಿಗಳ ಮಾತು ಬೇರೆ. ಇದಕ್ಕೆ ಉಪಾಯವು ದುಬಾರಿಯದಲ್ಲ. ಪ್ರತಿ ಹೊಳೆದಂಡೆಯ ಊರಿನಲ್ಲಿ ಚೈತ್ರಮಾಸದ ನೀರಿನ ಮಟ್ಟವನ್ನು ತೋರಿಸ�ುವ ಒಂದು ಗುರುತಿನ ಕಲ್ಲನ್ನು ಪಾತ್ರದಲ್ಲಿ ನೆಟ್ಟು, ಗ್ರಾಮಸಭೆಯ ಮುಂದೆ ಅದನ್ನು ಓದಿ, ಪಂಚಾಯತಿಯ ದಫ್ತರದಲ್ಲಿ ದಾಖಲು ಮಾಡಬಹುದು. ಆ ಗುರುತಿನ ಕೆಳಗೆ ಯಾರೂ ಅಗೆಯಕೂಡದೆಂಬುದನ್ನು ತಿಳಿಯಲು ಯಂತ್ರವಾಗಲಿ ವಿಶೇಷಜ್ಞಾನವಾಗಲಿ ಬೇಡ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ ೫೦೦ ಮೀಟರಿನೊಳಗೆ ಅನುಮತಿಯಿಲ್ಲದೆ ಹೊಸ ಬಾವಿಯನ್ನು ತೋಡಕೂಡದೆಂದು ಕರ್ನಾಟಕದ ೧೯೯೯ರ ಅಂತರ್ಜಲ ಕಾನೂನು ಹೇಳುತ್ತದೆ. ಬಳಕೆಯಲ್ಲಿರುವ ತಲಪರಿಗೆಗಳನ್ನೂ ಚಿಲುಮೆಗಳನ್ನೂ ಹೆಸರು ಹಿಡಿದು ಅಂಥ ಮೂಲಗಳೆಂದು ಬರೆಯಿಸಿದರೆ, ಬಾವಿಯಿಂದಲೂ ಲಾರಿಯಿಂದಲೂ ಅವುಗಳನ್ನು ಕಾಯಲು ಊರವರ ಕೈಗೆ ಒಂದು ಆಧಾರ ಸಿಕ್ಕುವುದು. ವರ್ಷಕ್ಕೆರಡು ಬಾರಿ ನೀರನ್ನು ಪರೀಕ್ಷೆಗೆ ಕಳುಹಿಸಿ, ಒರತೆಯ ನೀರಿನ ಫ್ಲೋರೈಡನ್ನೂ ಕೊಳವೆಬಾವಿಯ ನೀರಿನದನ್ನೂ ಪಾಠಶಾಲೆಯ ಗೋಡೆಯ ಮೇಲೆ ಜೊತೆಜೊತೆಯಾಗಿ ಬರೆದರೆ, ಮರಳಿನ ಬೆಲೆಯೇನೆಂಬುದು ಮಕ್ಕಳಿಗೂ ತಿಳಿಯುವುದು.

ಚರಿತ್ರೆಯೆಂದರೆ ಅರಸರ ದಂಡಯಾತ್ರೆಯೆಂದು ತಿಳಿಯುವುದು ವಾಡಿಕೆ. ಶಿರಾದಲ್ಲಿ ಮೊಗಲರ ಸುಬೇದಾರರು ಆಳಿದರು, ಮಧುಗಿರಿಯ ಕೋಟೆಯನ್ನು ಒಬ್ಬರಾದ ಮೇಲೊಬ್ಬರು ಹಿಡಿದರು, ಪಾಳೆಯಗಾರರು ಬಂದುಹೋದರು. ತುಮಕೂರು ಜಿಲ್ಲೆಯ ಶಾಸನಗಳನ್ನೊಳಗೊಂಡು ೧೯೦೪ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ೧೨ನೆಯ ಸಂಪುಟವನ್ನು ತೆರೆದರೆ ಇಂಥವರ ಹೆಸರುಗಳು ಸಾಲುಸಾಲಾಗಿ ಬರುವುವು. ತಲಪರಿಗೆಯನ್ನು ತೋಡಿದವನ ಹೆಸರಿಗೆ ಅಲ್ಲಿ ಅಂಥ ಸಾಲಿಲ್ಲ. ಆದರೂ ಈ ರಾಜ್ಯಗಳೆಲ್ಲ ಬಾಳಿದ್ದು ಅವನ ನೀರಿನ ಮೇಲೆಯೇ. ಅರಸರು ಬದಲಾದಾಗಲೂ ಬದಲಾಗದೆ ನಿಂತದ್ದು ಹೊಳೆಯ ಮರಳು. ಅಷ್ಟು ದೀರ್ಘವಾದ ಬಾಳನ್ನು ಕಂಡ ವಸ್ತುವು ಒಂದೆರಡು ತಲೆಮಾರಿನೊಳಗೆ ಪಟ್ಟಣಗಳ ಗೋಡೆಗಳಲ್ಲಿ ಸೇರಿಹೋಗಿರುವುದು.

ಮನೆಯನ್ನು ಕಟ್ಟದೆ ಇರುವುದು ಯಾರಿಗೂ ಸಾಧ್ಯವಲ್ಲ. ಕಲ್ಲನ್ನು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಈಗ ಎಲ್ಲೆಡೆಯೂ ಸಿಕ್ಕುವುದು; ಅದಕ್ಕೂ ಯಾವುದೋ ಒಂದು ಬೆಟ್ಟವು ಕರಗಬೇಕಾದರೂ ಹೊಳೆಯ ಒರತೆಯಾದರೂ ಉಳಿಯುವುದು. ಹೊಸ ಮನೆಗೆ ಗುದ್ದಲಿಪೂಜೆ ಮಾಡುವ ಗೃಹಸ್ಥನು ಮುಹೂರ್ತವನ್ನು ವಿಚಾರಿಸುವಂತೆಯೇ, ಮರಳು ಯಾವ ಹೊಳೆಯದು, ರಹದಾರಿಯುಳ್ಳದ್ದೇ, ಎಷ್ಟು ಆಳದಿಂದ ಬಂದದ್ದು ಎಂಬುದನ್ನೂ ವಿಚಾರಿಸುವುದು ಯುಕ್ತ. ಆ ಮನೆಯಲ್ಲಿ ಹುಟ್ಟಿ ಬೆಳೆಯುವ ಮಗುವು ಕುಡಿಯಬೇಕಾದ ನೀರು ಎಂಥದ್ದೆಂಬುದು ಕೆಲವು ಊರುಗಳಲ್ಲಿ ಆ ಒಂದು ಪ್ರಶ್ನೆಯ ಮೇಲೆಯೇ ನಿಂತಿದೆ.